ಕರು ಹಾಕುವ ಅವಧಿಯಲ್ಲಿ ಹಸುಗಳ ಉತ್ಕರ್ಷಣ ಒತ್ತಡ: ಕಾರಣ, ಲಕ್ಷಣ ಹಾಗೂ ನಿರ್ವಹಣೆ

ಹಸುವು ಕರು ಹಾಕುವ ಮುಂಚಿನ 3 ವಾರ ಹಾಗೂ ನಂತರದ 3 ವಾರಗಳನ್ನು ಸಂಧಿಕಾಲವೆಂದು ಕರೆಯಲಾಗುತ್ತದೆ. ಸತ್ತೆ ಬೀಳದಿರುವುದು, ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಮುಂತಾದ ತೊಂದರೆಗಳು ಈ ಅವಧಿಯಲ್ಲಿಯೇ ಹೆಚ್ಚಾಗಿ ಕಂಡುಬರುತ್ತವೆ. ಇವುಗಳಿಗೆ ಎಡೆಮಾಡಿಕೊಡುವ ಕಾರಣಗಳಲ್ಲಿ ಉತ್ಕರ್ಷಣ ಒತ್ತಡವೂ ಒಂದು. ರೋಗ ಬಂದ ನಂತರ ಚಿಕಿತ್ಸೆ ಮಾಡಿಸುವುದಕ್ಕಿಂತ, ಹಾಲು ಬತ್ತಿಸಿದ ದಿನದಿಂದಲೇ ಆರೈಕೆ ಆರಂಭಿಸುವುದು ಲಾಭದಾಯಕ.

ಉತ್ಕರ್ಷಣ ಒತ್ತಡ ಎಂದರೇನು?

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವಾಗ ಫ್ರೀ ರ್‍ಯಾಡಿಕಲ್‌ಗಳೆಂಬ ತೀವ್ರ ಕ್ರಿಯಾಶೀಲ ಕಣಗಳು ಉಂಟಾಗುತ್ತವೆ. ವಿಟಮಿನ್ 'ಇ', ಬೀಟಾ ಕ್ಯಾರೋಟಿನ್ ಹಾಗೂ ಸೆಲೆನಿಯಂ, ತಾಮ್ರ, ಸತುಗಳನ್ನು ಒಳಗೊಂಡ ಕಿಣ್ವಗಳು ಇವುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಕಣಗಳ ಉತ್ಪತ್ತಿಯು ಈ ರಕ್ಷಣೆಯನ್ನು ಮೀರಿದಾಗ ಜೀವಕೋಶಗಳಿಗೆ ಹಾನಿಯಾಗುತ್ತದೆ.

ಕಾರಣಗಳು

ಗರ್ಭದ ಕೊನೆಯ 2 ತಿಂಗಳಲ್ಲಿ ಕರುವಿನ ಬೆಳವಣಿಗೆ ತೀವ್ರವಾಗಿರುತ್ತದೆ. ಕರು ಹಾಕುವ ಸಮಯದಲ್ಲಿ ಹಸು ತಿನ್ನುವ ಮೇವು ಕಡಿಮೆಯಾಗುತ್ತದೆ. ಆದರೆ ಹಾಲಿನ ಉತ್ಪಾದನೆ ಏರುತ್ತದೆ. ಆಗ ದೇಹದ ಕೊಬ್ಬು ಕರಗಿ ಫ್ರೀ ರ್‍ಯಾಡಿಕಲ್‌ಗಳು ಹೆಚ್ಚುತ್ತವೆ. ಇದೇ ಸಮಯದಲ್ಲಿ ವಿಟಮಿನ್ 'ಇ' ಗಿಣ್ಣು ಹಾಲಿಗೆ ಹೋಗುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಕುಸಿಯುತ್ತದೆ. ಅತಿಯಾಗಿ ಕೊಬ್ಬಿದ ಹಸುಗಳಲ್ಲಿ ಹಾಗೂ ಬೇಸಿಗೆಯ ಸೆಕೆಯಲ್ಲಿ ತೊಂದರೆ ಹೆಚ್ಚು.

ಜಾಲಹಳ್ಳಿ ಪರಿಸರದಲ್ಲಿ ಹೆಚ್.ಎಂ.ಟಿ. (1953) ಮತ್ತು ಬಿ.ಇ.ಎಲ್. (1954) ಸ್ಥಾಪನೆಯ ನಂತರ ನಗರವು ವಿಸ್ತರಿಸಿ, ಗೋಮಾಳ ಹಾಗೂ ಮೇವಿನ ಹೊಲಗಳು ಕಡಿಮೆಯಾಗಿವೆ. ಹಸಿರು ಮೇವು ದೊರೆಯದಿದ್ದಾಗ ರಾಸುಗಳನ್ನು ರಾಗಿ ಹುಲ್ಲು ಮತ್ತು ಕೊಂಡು ತಂದ ಪಶು ಆಹಾರದಿಂದಲೇ ಸಾಕಬೇಕಾಗುತ್ತದೆ. ಒಣಗಿದ ಹುಲ್ಲಿನಲ್ಲಿ ವಿಟಮಿನ್ 'ಇ' ಮತ್ತು ಕ್ಯಾರೋಟಿನ್ ಬಹುಪಾಲು ನಾಶವಾಗಿರುತ್ತವೆ. ಆದ್ದರಿಂದ ಹೊಟ್ಟೆ ತುಂಬಿದ್ದರೂ ಹಸುವಿಗೆ ಈ ಕೊರತೆ ಉಂಟಾಗಬಹುದು.

ಲಕ್ಷಣಗಳು

ಉತ್ಕರ್ಷಣ ಒತ್ತಡಕ್ಕೆ ತನ್ನದೇ ಆದ ಹೊರ ಲಕ್ಷಣಗಳಿಲ್ಲ. ಬಿಳಿ ರಕ್ತಕಣಗಳು ದುರ್ಬಲಗೊಳ್ಳುವುದರಿಂದ ಸತ್ತೆ ಕಳಚದಿರುವುದು, ಕೆಚ್ಚಲು ಬಾವು, ಬೆದೆಗೆ ಬರುವುದು ತಡವಾಗುವುದು ಮುಂತಾದ ಪರಿಣಾಮಗಳ ಮೂಲಕ ಇದು ವ್ಯಕ್ತವಾಗುತ್ತದೆ.

ನಿರ್ವಹಣಾ ಕ್ರಮಗಳು

1. ಕರು ಹಾಕುವ 2 ತಿಂಗಳು ಮುಂಚೆ ಹಾಲು ಬತ್ತಿಸುವುದು.

2. ದಿನಕ್ಕೆ 15ರಿಂದ 20 ಕಿ.ಗ್ರಾಂ. ಹಸಿರು ಮೇವು ನೀಡುವುದು. ಜಾಗದ ಕೊರತೆಯಿರುವವರು ಬೇಲಿಯಂಚಿನಲ್ಲಿ ಅಗಸೆ, ತೊಟ್ಟಿಯಲ್ಲಿ ಅಜೋಲಾ ಬೆಳೆದು ಭಾಗಶಃ ಪೂರೈಸಿಕೊಳ್ಳಬಹುದು.

3. ಉತ್ತಮ ಖನಿಜ ಮಿಶ್ರಣವನ್ನು ದಿನಕ್ಕೆ 30ರಿಂದ 50 ಗ್ರಾಂ. ಹಿಂಡಿಯೊಂದಿಗೆ ನೀಡುವುದು.

4. ಬೂಸ್ಟು ಹಿಡಿದ ಮೇವು, ಹಿಂಡಿಗಳನ್ನು ನೀಡಬಾರದು.

5. ಕೊಟ್ಟಿಗೆಯಲ್ಲಿ ನೆರಳು, ಗಾಳಿ ಹಾಗೂ ಸದಾ ಶುದ್ಧ ಕುಡಿಯುವ ನೀರು ಇರುವಂತೆ ನೋಡಿಕೊಳ್ಳುವುದು.

ಎಚ್ಚರಿಕೆ

ಸೆಲೆನಿಯಂ ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸಾಕು, ಹೆಚ್ಚಾದರೆ ವಿಷವಾಗುತ್ತದೆ. ವಿಟಮಿನ್ 'ಇ' ಮತ್ತು ಸೆಲೆನಿಯಂ ಚುಚ್ಚುಮದ್ದನ್ನು ಪಶುವೈದ್ಯರ ಸಲಹೆಯಿಲ್ಲದೆ ಕೊಡಿಸಬಾರದು. ಕರು ಹಾಕಿದ 12 ಗಂಟೆಗಳಲ್ಲಿ ಸತ್ತೆ ಬೀಳದಿದ್ದರೆ ಕೈಯಿಂದ ಎಳೆಯದೆ, ಭಾರ ಕಟ್ಟದೆ, ಪಶುವೈದ್ಯರನ್ನು ಕರೆಸುವುದು.

ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ಪಶುವೈದ್ಯಕೀಯ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ ಶುಲ್ಕರಹಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.