ಹಿಮದ ಬಯಲಿನಲ್ಲಿ ಗಾಲಿಯ ಮನೆ

ಚಳಿಗಾಲದ ರಜೆಗೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಹಿಮ ನೋಡಲು ಹೋಗೋಣವೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಕೊರೆಯುವ ಚಳಿಯಲ್ಲಿ ಗಾಲಿಯ ಮೇಲಿನ ಮನೆಯಲ್ಲಿ ಬದುಕುವ ವಿದ್ಯೆ ಮೋಟರಿಗಿಂತ ಹಳೆಯದು. ಅಮೆರಿಕದ ಪಶ್ಚಿಮದಲ್ಲಿ ಅದನ್ನು ಕುರಿಗಾಹಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ವಯೋಮಿಂಗ್‌ನ ಬಯಲುಗಳಲ್ಲಿ ಮೇವಿದ್ದರೂ ನೀರು ಕಡಿಮೆ. ಹಿಮ ಬಿದ್ದಾಗ ಕುರಿಗಳು ಅದನ್ನೇ ತಿಂದು ಬಾಯಾರಿಕೆ ನೀಗಿಸಿಕೊಳ್ಳುತ್ತವೆ. ಹೀಗಾಗಿ ಮನೆಯೊಳಗೆ ಇರಬೇಕಾದ ಕಾಲದಲ್ಲೇ ಕುರಿಗಾಹಿ ಬಯಲಿಗೆ ಹೋಗಬೇಕಿತ್ತು. ರಾಲಿನ್ಸ್ ಊರಿನ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಷ್ 1884ರಲ್ಲಿ ಇಂಥವರಿಗಾಗಿ 'ಶೀಪ್ ವ್ಯಾಗನ್' ಕಟ್ಟಿದರೆಂದು ಹೇಳುತ್ತಾರೆ. ಅದು ಕುದುರೆ ಎಳೆಯುವ ಬಂಡಿ. ಕಮಾನಿನ ಮೇಲೆ ಕ್ಯಾನ್ವಾಸ್ ಹೊದಿಕೆ. ಬಾಗಿಲ ಪಕ್ಕ ಒಲೆ, ಎರಡೂ ಬದಿಗೆ ಬೆಂಚು, ಹಿಂದೆ ಅಡ್ಡಲಾಗಿ ಮಂಚ, ಮಂಚದಡಿಯಿಂದ ಎಳೆದರೆ ಊಟದ ಮೇಜು! 1966ರಲ್ಲಿ ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬಾಗೊ ಕಂಪನಿ ಮೋಟರ್‌ಹೋಮ್ ತಯಾರಿಸಲು ಆರಂಭಿಸಿದಾಗಲೂ ಲೆಕ್ಕಾಚಾರ ಅದೇ: ಪುಟ್ಟ ಜಾಗ, ಪ್ರತಿ ಮೂಲೆಗೂ ಎರಡು ಕೆಲಸ.

ಆ ಬಂಡಿಯಿಂದ ಇಂದಿಗೂ ಕಲಿಯುವುದು ಎರಡಿದೆ. ಅದರ ಬಾಗಿಲಿಗೆ ಮೇಲೆ ಕೆಳಗೆ ಎರಡು ಭಾಗ. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದರೆ ಗಾಳಿ ಆಡುತ್ತದೆ. ಚಳಿಯೆಂದು ಎಲ್ಲ ಸಂದಿಯನ್ನೂ ಮುಚ್ಚಿ ಒಳಗೆ ಗ್ಯಾಸ್ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಗಾಡಿಯಲ್ಲಿ ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ನೋಡಿಯೇ ಮಲಗಿ.

ಇನ್ನೊಂದು ನೀರು. ಕುರಿಗಾಹಿಗೆ ಕೊಳಾಯಿ ಇರಲಿಲ್ಲ. ಹಿಮವನ್ನೇ ಪಾತ್ರೆಯಲ್ಲಿ ಕರಗಿಸುತ್ತಿದ್ದ. ನಮ್ಮ ಗಾಡಿಯಲ್ಲಿ ಪೈಪುಗಳಿವೆ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ ಪೈಪನ್ನೇ ಸೀಳಬಲ್ಲದು. ತೀರಾ ಚಳಿಯಿದ್ದರೆ ಪೈಪು ಖಾಲಿಮಾಡಿ, ಕುಡಿಯುವ ನೀರನ್ನು ಕ್ಯಾನಿನಲ್ಲಿ ಒಯ್ಯುವುದೇ ಲೇಸು.

ಆ ಬಂಡಿಗಳಲ್ಲಿ ಇದ್ದವರು ಯಾರು? ಅನೇಕರು ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಜನ. ಬೇಸಿಗೆಯಲ್ಲಿ ಬೆಟ್ಟ ಹತ್ತಿದಾಗ ಅವರು ಆಸ್ಪೆನ್ ಮರಗಳ ತೊಗಟೆಯ ಮೇಲೆ ತಮ್ಮ ಹೆಸರು ಕೆತ್ತಿದರು, ಕೆಲವರು ತಮ್ಮ ನುಡಿಯಲ್ಲೇ ಮಾತು ಬರೆದರು. ಮಾತಾಡಲು ಜನವಿಲ್ಲದಾಗ ಮರವೇ ಕೇಳುಗ. ಈಚೆಗೆ ಪೆರುವಿನಿಂದ ತಾತ್ಕಾಲಿಕ ವೀಸಾ ಮೇಲೆ ಬಂದವರು ಆ ಕೆಲಸದಲ್ಲಿದ್ದಾರೆ. ವೀಸಾ ಎಂಬ ಪದ ನಿಮ್ಮ ಮನೆಗಳಿಗೂ ಹೊಸದಲ್ಲ.

ನಮಗೆ ಎರಡು ರಾತ್ರಿಯ ಮೋಜು, ಅವರಿಗೆ ಇಡೀ ಚಳಿಗಾಲದ ದುಡಿಮೆ. ವಯೋಮಿಂಗ್ ದಾರಿಯಲ್ಲಿ ಹಿಮದ ನಡುವೆ ಅಂಥದೊಂದು ಬಂಡಿ ಕಂಡರೆ, ಅದು ಯಾರದೋ ಮನೆಯೆಂಬುದು ನೆನಪಿರಲಿ.