ಹಳೇ ರುಚಿಯೂ ಒಂದು ಕಾಲಕ್ಕೆ ಹೊಸದೇ

ನಾನಿರೋದು ದಾವಣಗೆರೆಯ ಆನೆಕೊಂಡದಲ್ಲಿ. ಸಂಜೆಯಾದರೆ ‘ಇವತ್ತು ಏನಾದರೂ ಹೊಸದು ಮಾಡೋಣ’ ಅಂತ ಮೊಬೈಲ್ ಹಿಡಿದು ಕೂರುವವರಲ್ಲಿ ನಾನೂ ಒಬ್ಬಳು. ಹಾಗೆ ಹುಡುಕುತ್ತಾ ಈ ಸಲ ಸಾವಿರ ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಎರಡನೇ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯಕ್ಕೇ ಒಂದು ಭಾಗ ಇದೆ. ಅಲ್ಲಿ ಇಡ್ಲಿಯೂ ಸಿಗುತ್ತದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಸೇರಿಸಬೇಕು. ಅಕ್ಕಿಯ ಮಾತೇ ಇಲ್ಲ! ಹಿಟ್ಟನ್ನು ರಾತ್ರಿಯೆಲ್ಲ ಹುಳಿ ಬರಿಸುವ ಮಾತೂ ಇಲ್ಲ. ಮಾಡಿ ನೋಡಿದೆ. ಉಬ್ಬಲಿಲ್ಲ, ಗಟ್ಟಿಯಾಯಿತು. ಮನೆಯವರು ‘ಇದು ಇಡ್ಲಿನಾ, ವಡೆನಾ?’ ಅಂತ ನಕ್ಕರು. ಆದರೆ ನಾವು ಹಳೇದು ಅಂದುಕೊಂಡಿರುವ ಮೆತ್ತನೆಯ ಇಡ್ಲಿಯೂ ಯಾರೋ ತಂದ ಬದಲಾವಣೆ ಅನ್ನೋದು ಅವತ್ತು ಅರ್ಥವಾಯಿತು. ಅಕ್ಕಿ ಬೆರೆಸಿದವರ ಹೆಸರು ಉಳಿದಿಲ್ಲ.

1508ರ ಸುಮಾರಿಗೆ ಕಲ್ಲಹಳ್ಳಿಯ ಅರಸ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಪದ್ಯವಾದರೆ ಬಾಯಿಪಾಠಕ್ಕೆ ಸುಲಭ ನೋಡಿ. ಆದರೆ ಬರೆದವರು ಇಬ್ಬರೂ ಗಂಡಸರು. ದಿನಾ ಒಲೆ ಮುಂದೆ ಕೂತವರ ಮಾತು ಪುಸ್ತಕಕ್ಕೆ ಬಂದದ್ದು ಕಡಿಮೆ.

ನಮ್ಮೂರಿನ ಬೆಣ್ಣೆದೋಸೆ ಮಾತ್ರ ಒಬ್ಬ ಹೆಣ್ಣುಮಗಳ ಹೆಸರು ಉಳಿಸಿಕೊಂಡಿದೆ. ಬೆಳಗಾವಿ ಜಿಲ್ಲೆಯ ಬೇಡಕಿಹಾಳದ ಚೆನ್ನಮ್ಮ 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ನಾಟಕದ ಥಿಯೇಟರ್ ಹತ್ತಿರ ದೋಸೆ ಮಾರಲು ಶುರು ಮಾಡಿದರು ಅಂತಾರೆ. ಆಗಿನದು ರಾಗಿ ಹಿಟ್ಟಿನ ದೋಸೆ, ಮೇಲೆ ಬೆಣ್ಣೆ. ಸುಮಾರು ಹತ್ತು ವರ್ಷದ ಮೇಲೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ಹಿಡಿದರು. ಮಂಡಕ್ಕಿ ಭಟ್ಟಿಗಳ ಊರಲ್ಲಿ ದೋಸೆಗೂ ಮಂಡಕ್ಕಿ ಬಿತ್ತು! ಇವತ್ತು ಇದನ್ನೇ ‘ಸಾಂಪ್ರದಾಯಿಕ’ ಅಂತ ಬೋರ್ಡ್ ಹಾಕುತ್ತೇವೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನಗೊಂದು ಕೊರಗಿದೆ. ನಮ್ಮ ಅವ್ವ ಮಾಡುತ್ತಿದ್ದ ಮಂಡಕ್ಕಿ ಒಗ್ಗರಣೆ ನನ್ನ ಕೈಗೆ ಬರಲಿಲ್ಲ. ಮಂಡಕ್ಕಿ ಎಷ್ಟು ಹೊತ್ತು ನೆನೆಯಬೇಕು, ಹುರಿಗಡಲೆ ಹಿಟ್ಟು ಎಷ್ಟು ಅಂತ ಕೇಳಿದರೆ, ‘ಕೈಗೆ ಗೊತ್ತಾಗ್ತದ ಬಿಡವ್ವಾ’ ಅನ್ನೋಳು. ನಾನೂ ಬಿಟ್ಟೆ. ಈಗ ಅವ್ವ ಇಲ್ಲ. ಸಾವಿರ ವರ್ಷದ ಹಿಂದಿನ ಇಡ್ಲಿಗೆ ಬೇಕಾದ ಸಾಮಾನಿನ ಪಟ್ಟಿ ನನ್ನ ಹತ್ತಿರ ಇದೆ, ನಮ್ಮ ಮನೆಯ ಒಗ್ಗರಣೆಯದು ಇಲ್ಲ.

ಹೋದ ವಾರ ಅಕ್ಕನನ್ನು ಕೂರಿಸಿಕೊಂಡು ನಾಲ್ಕು ಸಲ ಮಾಡಿದೆವು. ಮೂರನೇ ಸಲ ಮಂಡಕ್ಕಿಯನ್ನು ನೀರಿಗೆ ಹಾಕಿದ ಕೂಡಲೇ ಹಿಂಡಿ ತೆಗೆದಾಗ ಹದ ಹತ್ತಿರ ಬಂತು. ಅಕ್ಕ ನಿಂಬೆಹಣ್ಣು ಬೇಡ, ಹುಣಸೆಹುಳಿ ಅಂದಳು. ನಾಲ್ಕನೇ ಸಲದ್ದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಅವ್ವನ ರುಚಿ ಪೂರ್ತಿ ಅಲ್ಲ, ಆದರೂ ನನ್ನ ಮಗಳಿಗೆ ಅದೇ ಹಳೇ ರುಚಿ ಆದೀತು.

ನೀವೂ ಇವತ್ತು ಹೊಸ ಅಡುಗೆ ಹುಡುಕಿ, ಬೇಡ ಅನ್ನಲ್ಲ. ಹುಡುಕೋ ಮುಂಚೆ ಮನೆಯ ಹಿರಿಯರ ಹತ್ತಿರ ಒಂದು ಅಡುಗೆ ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ ಸಿಗೋಣ.