ಥೆರಪಿಸ್ಟ್‌ಗಳ ಕೊರತೆ ಇದ್ದರೆ ಕೆಲಸ ಗ್ಯಾರಂಟಿಯೇ? ಐರ್ಲೆಂಡ್‌ನ ನೇಮಕಾತಿ ತಡೆಯ ಕಥೆ

“ಐರ್ಲೆಂಡ್‌ನಲ್ಲಿ ಥೆರಪಿಸ್ಟ್‌ಗಳ ಭಾರೀ ಕೊರತೆ, ಅರ್ಜಿ ಹಾಕಿದವರಿಗೆಲ್ಲ ಸರ್ಕಾರಿ ಕೆಲಸ!” ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಇನ್ನರ್ಧ ಊಹೆ. ಕೊರತೆ ಬೇರೆ, ಖಾಲಿ ಹುದ್ದೆ ಬೇರೆ, ನೇಮಕಾತಿ ಬೇರೆ. ಈ ಮೂರರ ನಡುವಿನ ವ್ಯತ್ಯಾಸವೇನು? ಬನ್ನಿ, ತಿಳಿಯೋಣ.

ಏನಾಗಿತ್ತು?

ಐರ್ಲೆಂಡ್‌ನ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ನಡೆಸುವ ಸಂಸ್ಥೆ ಎಚ್‌ಎಸ್‌ಇ. ಇದರಲ್ಲಿ 1.4 ಲಕ್ಷಕ್ಕೂ ಹೆಚ್ಚು ಪೂರ್ಣಾವಧಿ ಹುದ್ದೆಗಳಷ್ಟು ಸಿಬ್ಬಂದಿ ಇದ್ದಾರೆ. 2023ರಲ್ಲಿ ಮೊದಲು ಆಡಳಿತ ವಿಭಾಗದ ನೇಮಕಾತಿಗೆ ತಡೆ ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಬಹುತೇಕ ಎಲ್ಲ ವಿಭಾಗಗಳಿಗೂ ಅದು ವಿಸ್ತರಿಸಿತು. ಕನ್ಸಲ್ಟೆಂಟ್ ವೈದ್ಯರು, ತರಬೇತಿಯಲ್ಲಿರುವ ವೈದ್ಯರು, ಆ ವರ್ಷ ಪದವಿ ಮುಗಿಸಿದ ನರ್ಸ್‌ಗಳು ಸೇರಿದಂತೆ ಕೆಲವರಿಗೆ ಮಾತ್ರ ವಿನಾಯಿತಿ ಸಿಕ್ಕಿತು. 2024ರ ಜುಲೈನಲ್ಲಿ ತಡೆ ತೆರವಾಯಿತು.

ಜನ ಬೇಕಿದ್ದರೂ ತಡೆ ಯಾಕೆ?

ಎಚ್‌ಎಸ್‌ಇಯಲ್ಲಿ ಸಿಬ್ಬಂದಿ ಕಡಿಮೆಯಾಗಿದ್ದರು ಎಂಬುದು ಇದಕ್ಕೆ ಕಾರಣವಲ್ಲ. ಆ ವರ್ಷ ಒಟ್ಟು ಸಿಬ್ಬಂದಿ ಸಂಖ್ಯೆ ಹೆಚ್ಚಿತ್ತು, ಸಂಬಳಕ್ಕೆ ಮಂಜೂರಾದ ಹಣದ ಮಿತಿಯನ್ನೂ ದಾಟಿತ್ತು. ಆದರೆ ಒಟ್ಟು ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಪ್ರತಿ ಊರಿನ ಕ್ಲಿನಿಕ್‌ನಲ್ಲೂ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ ಎಂದಲ್ಲ. ಸಣ್ಣ ತಂಡದಲ್ಲಿ ಒಬ್ಬರು ಹೆರಿಗೆ ರಜೆಗೆ ಹೋಗಿ, ಬದಲಿಗೆ ಯಾರೂ ಬಾರದಿದ್ದರೆ ಅವರು ನೋಡುತ್ತಿದ್ದ ಮಕ್ಕಳೆಲ್ಲ ಮತ್ತೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ತಡೆ ತೆಗೆದ ಮೇಲೆ ಎಲ್ಲ ಹುದ್ದೆ ತುಂಬಿದವೇ?

ಇಲ್ಲ. ಹೊಸ ನಿಯಮದ ಪ್ರಕಾರ 2023ರ ಡಿಸೆಂಬರ್ 31ಕ್ಕೆ ಖಾಲಿ ಇದ್ದ ಹುದ್ದೆಗಳು ಬಹುತೇಕ ಲೆಕ್ಕದಿಂದಲೇ ಹೊರಬಿದ್ದವು. ಇದನ್ನು ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಅಂದರೆ, ಯಾರನ್ನೂ ನೇಮಿಸದೆಯೇ ಕಾಗದದ ಮೇಲೆ ‘ಖಾಲಿ ಹುದ್ದೆ’ ಕಡಿಮೆಯಾಗಬಹುದು. ಕಾಯುತ್ತಿರುವ ಮಗು ಮಾತ್ರ ಕಾಯುತ್ತಲೇ ಇರುತ್ತದೆ.

ಕಾನೂನು ಇಲ್ಲವೇ?

ಇದೆ. ಐರ್ಲೆಂಡ್‌ನ 2005ರ ಅಂಗವೈಕಲ್ಯ ಕಾಯ್ದೆಯ ಪ್ರಕಾರ, ಅರ್ಜಿ ಬಂದ 3 ತಿಂಗಳೊಳಗೆ ಮಗುವಿನ ಅಗತ್ಯಗಳ ಮೌಲ್ಯಮಾಪನ ಆರಂಭವಾಗಬೇಕು, ನಂತರದ 3 ತಿಂಗಳಲ್ಲಿ ಮುಗಿಯಬೇಕು. ಆದರೂ ಸಾವಿರಾರು ಅರ್ಜಿಗಳು ಗಡುವು ಮೀರಿವೆ. ಇದಕ್ಕೆಲ್ಲ ನೇಮಕಾತಿ ತಡೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ, ಸಮಸ್ಯೆ ಅದಕ್ಕೂ ಹಳೆಯದು. ಮೌಲ್ಯಮಾಪನವನ್ನು ಮೊಟಕುಗೊಳಿಸಿದ್ದ ವಿಧಾನ ಕಾಯ್ದೆಗೆ ತಕ್ಕಂತಿಲ್ಲ ಎಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ಹೇಳಿತ್ತು. ಇನ್ನೊಂದು ವಿಷಯ: ಗಡುವು ಇರುವುದು ಮೌಲ್ಯಮಾಪನಕ್ಕೆ, ಥೆರಪಿಗಲ್ಲ. ವರದಿ ಕೈಗೆ ಬಂದ ಮೇಲೂ ಥೆರಪಿಗಾಗಿ ಕಾಯಬೇಕಾಗಬಹುದು.

ಕಾದರೆ ನಷ್ಟವೇನು?

ಥೆರಪಿ ಒಂದೇ ದಿನದಲ್ಲಿ ಮುಗಿಯುವ ಚುಚ್ಚುಮದ್ದಲ್ಲ. ವಾರವಾರ ಅಭ್ಯಾಸ ಬೇಕು, ಅದನ್ನು ಮನೆಯಲ್ಲಿ ಹೇಗೆ ಮಾಡಿಸಬೇಕು ಎಂದು ಪೋಷಕರಿಗೂ ಕಲಿಸಬೇಕು. ಮಾತು ಕಲಿಯುವ ವಯಸ್ಸಿನಲ್ಲಿ ಒಂದು ವರ್ಷ ಕಳೆದುಹೋದರೆ ಅದು ಸಣ್ಣ ವಿಷಯವಲ್ಲ.

ನಮ್ಮವರಿಗೆ ಇದರಿಂದ ಏನು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಓದಿದವರು ವಿದೇಶದ ಕೆಲಸಕ್ಕೆ ಪ್ರಯತ್ನಿಸುವುದು ಸಹಜ. ಐರ್ಲೆಂಡ್‌ನಲ್ಲಿ ಸ್ಪೀಚ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಕೆಲಸ ಮಾಡಲು ಅಲ್ಲಿನ ‘ಕೋರು’ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯ. ಅದರ ಜೊತೆಗೆ ಕೆಲಸದ ಪರವಾನಗಿಯೂ ಬೇಕು. ಕೊರತೆಯ ಸುದ್ದಿ ಇವೆರಡಕ್ಕೂ ಬದಲಿಯಾಗದು. ಏಜೆಂಟ್ ದುಡ್ಡು ಕೇಳಿದರೆ, ಅವರು ಭಾರತ ಸರ್ಕಾರದಲ್ಲಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಮೊದಲು ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಹುದ್ದೆ ಮಂಜೂರಾಗಿದೆಯೇ? ಅದಕ್ಕೆ ಹಣವಿದೆಯೇ? ಈಗ ಭರ್ತಿಗೆ ಅನುಮತಿ ಇದೆಯೇ? ಮೂರಕ್ಕೂ ಉತ್ತರವಿಲ್ಲದ ‘ಭಾರೀ ನೇಮಕಾತಿ’ ಸಂದೇಶವನ್ನು ಮುಂದೆ ಕಳಿಸಬೇಡಿ. ಅದನ್ನು ನಂಬಿ ಯಾರೋ ಸಾಲ ಮಾಡಿಬಿಡಬಹುದು.